ಹಿಂದೆ ನೇತಾಡುವ ಸೈಕಲ್ಲುಗಳು

ಬಹಳ ದಿನದಿಂದ ಇದನ್ನ ಬರೆಯಬೇಕು ಅಂದುಕೊಂಡಿದ್ದೆ. ಸೋಮಾರಿತನ, ಆಫೀಸು, ಮತ್ತೆ ಸೋಮಾರಿತನ.. ಹೀಗೇ ಮುಂದೆ ಹೋಗ್ತಾ ಇತ್ತು. ಕಳೆದ ಶನಿವಾರ ಗೆಳೆಯರ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಆದ ಜಗಳದಿಂದ ಇವತ್ತು ಬರೆಯೋಕೆ ಕೂತಿದ್ದೀನಿ.

ಆದದ್ದಿಷ್ಟೇ. ಹಿರಿಯ ಮಿತ್ರರೊಬ್ಬರು ಹೊಸದಾಗಿ ಕೊಂಡ ಟ್ರಾವೆಲ್ ಟ್ರೈಲರಿನ ಫೋಟೋ ತೋರಿಸ್ತಾ ಇದ್ದರು. ಊರಲ್ಲಿ ಕೂತು ಓದುವವರಿಗೆ ಒಂದು ಮಾತು: ಟ್ರಾವೆಲ್ ಟ್ರೈಲರ್ ಅಂದ್ರೆ ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಮಂಚ, ಒಲೆ, ಸಿಂಕು, ಬಚ್ಚಲು ಎಲ್ಲಾ ಇರುತ್ತೆ. ಇಂಜಿನ್ ಮಾತ್ರ ಇರಲ್ಲ. ಕಾರಿನ ಹಿಂದೆ ಸಿಗಿಸಿ ಎಳ್ಕೊಂಡು ಹೋಗಬೇಕು. ಅಮೆರಿಕಾದಲ್ಲಿ ಬೇಸಿಗೆ ಬಂತೆಂದರೆ ಹೆದ್ದಾರಿ ತುಂಬಾ ಇವೇ. ಫೋಟೋದಲ್ಲಿ ಟ್ರೈಲರಿನ ಹಿಂದಿನ ಬಂಪರಿಗೆ ಒಂದು ಸೈಕಲ್ ರ್ಯಾಕು, ಅದರಲ್ಲಿ ಸಾಲಾಗಿ ನಾಲ್ಕು ಸೈಕಲ್ಲು. ಎಲ್ಲರೂ "ವಾಹ್, ಏನ್ ಸೆಟಪ್ಪು!" ಅಂದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಸರ್, ಅದನ್ನ ಅಲ್ಲಿಂದ ತೆಗೆದುಬಿಡಿ" ಅಂದೆ.

"ನೋಡಪ್ಪಾ, ನಾನು ಎಂಟು ವರ್ಷದಿಂದ ಹಳೇ ಟ್ರೈಲರಲ್ಲೂ ಹೀಗೇ ಒಯ್ದಿದ್ದೀನಿ. ಏನೂ ಆಗಿಲ್ಲ. ನೀನು ಜಾಸ್ತಿ ಓದ್ತೀಯ, ಅದಕ್ಕೇ ಹೆದರ್ತೀಯ" ಅಂದರು. ಎಲ್ಲರೂ ನಕ್ಕರು. ಅಲ್ಲಿ ನಾನೊಬ್ಬ ಪುಕ್ಕಲ ಅಂತ ತೀರ್ಮಾನ ಆಯ್ತು. ಆ ಹೊತ್ತಲ್ಲಿ ಸರಿಯಾಗಿ ಉತ್ತರ ಹೊಳೀಲಿಲ್ಲ. (ನನಗೆ ಯಾವಾಗಲೂ ಹಾಗೇ, ಉತ್ತರ ಹೊಳೆಯೋದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.) ಆ ಉತ್ತರ ಇಲ್ಲಿದೆ.

ಮೊದಲು ನನ್ನ ತಪ್ಪು ಒಪ್ಕೊಂಡುಬಿಡ್ತೀನಿ. 2023ರ ಜೂನಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ನಾನು, ನನ್ನ ಹೆಂಡತಿ, ಕಾಲೇಜಿನಿಂದ ಜೊತೆಗಿರುವ ಗೆಳೆಯ ಮತ್ತವನ ಹೆಂಡತಿ ನಾಲ್ಕೂ ಜನ ಸೇರಿ ಒಂದು ಹಳೇ ಟ್ರೈಲರ್ ಕೊಂಡಿದ್ದೆವು. ಉದ್ದ 18 ಅಡಿ, ಒಂದೇ ಆಕ್ಸಲ್. ಹಿಂದಿನ ಬಂಪರಿಗೆ ರ್ಯಾಕ್ ಬಿಗಿದು ನಾಲ್ಕು ಸೈಕಲ್ ಏರಿಸಿದ್ವಿ, ಅದರಲ್ಲಿ ಎರಡು ಬ್ಯಾಟರಿ ಸೈಕಲ್ಲು. ರ್ಯಾಕ್ ಮಾರಿದವನನ್ನ "ಟ್ರೈಲರಿಗೆ ಹಾಕಬಹುದಾ?" ಅಂತ ಕೇಳಿದ್ದೆ. "ಎಲ್ಲರೂ ಹಾಕ್ತಾರೆ" ಅಂದ. ಎಲ್ಲರೂ ಹಾಕ್ತಾರಲ್ಲ, ಇನ್ನೇನು? ಹೊರಟ್ವಿ ಯೊಸೆಮಿಟಿಗೆ.

ಬೇ ಏರಿಯಾದಿಂದ ಪೂರ್ವಕ್ಕೆ 580ರಲ್ಲಿ ಹೋದರೆ ಆಲ್ಟಮಾಂಟ್ ಪಾಸ್ ಸಿಗುತ್ತೆ. ಗುಡ್ಡದ ತುಂಬಾ ಗಾಳಿಯಂತ್ರಗಳು. ಅಷ್ಟು ಗಾಳಿಯಂತ್ರ ಯಾಕೆ ನೆಟ್ಟಿದ್ದಾರೆ ಅಂತ ಯೋಚಿಸಿದ್ದರೆ ಅವತ್ತು ಗಾಳಿ ಹೇಗಿರುತ್ತೆ ಅಂತಲೂ ಹೊಳೀತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಗಾಡಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ನಾನು 65ರಲ್ಲಿದ್ದೆ, ಯಾಕೆಂದರೆ ಎಲ್ಲರೂ 65ರಲ್ಲಿದ್ದರು. ಗುಡ್ಡ ಇಳಿಯುವಾಗ ಒಂದು ದೊಡ್ಡ ಲಾರಿಯನ್ನ ದಾಟಿದೆ. ಲಾರಿಯ ಮೂತಿಯಿಂದ ಬರುವ ಗಾಳಿ ಟ್ರೈಲರಿಗೆ ಬಡೀತು. ಹಿಂದಿನ ಮನೆ ಎಡಕ್ಕೆ ಹೋಯ್ತು. ಆಮೇಲೆ ಬಲಕ್ಕೆ. ಆಮೇಲೆ ಇನ್ನೂ ಜಾಸ್ತಿ ಎಡಕ್ಕೆ. ಕಾರಿನ ಹಿಂಭಾಗವನ್ನ ಯಾರೋ ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗೆ. ಸ್ಟೀರಿಂಗ್ ನನ್ನ ಕೈಯಲ್ಲಿತ್ತು, ಗಾಡಿ ಇರಲಿಲ್ಲ.

ನನ್ನ ಕಾಲು ಬ್ರೇಕಿನ ಮೇಲೆ ಹೋಗಿತ್ತು. ಪಕ್ಕದಲ್ಲಿದ್ದ ಗೆಳೆಯ "ಬ್ರೇಕ್ ಒತ್ತಬೇಡ ಮಾರಾಯ! ಕಾಲು ತೆಗಿ, ನೇರ ಹಿಡ್ಕೋ!" ಅಂತ ಕಿರುಚಿ, ಡ್ಯಾಶ್‌ಬೋರ್ಡಿನ ಕೆಳಗಿದ್ದ ಟ್ರೈಲರ್ ಬ್ರೇಕಿನ ಗುಂಡಿಯನ್ನ ತಾನೇ ಒತ್ತಿದ. ಐದಾರು ಸಲ ತೂಗಿ ನಿಂತಿತು. ನಮ್ಮ ಅದೃಷ್ಟ ಅಂತಲೇ ಹೇಳಬೇಕು, ಪಕ್ಕದ ಲೇನಿನಲ್ಲಿ ಆಗ ಯಾರೂ ಇರಲಿಲ್ಲ.

ಕಥೆ ಅಲ್ಲಿಗೆ ಮುಗೀಲಿಲ್ಲ. ಹಿಂದಿನಿಂದ ಒಂದು ಕಾರು ಲೈಟು ಹೊಡೀತಾ ಹಾರ್ನ್ ಮಾಡ್ತಾ ಬಂತು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ನಿಲ್ಲಿಸಿದೆ. ಆ ಕಾರೂ ನಿಂತಿತು. ಒಬ್ಬ ಹೆಂಗಸು ಇಳಿದು ಬಂದು ನಮ್ಮ ಟ್ರೈಲರಿನ ಹಿಂಭಾಗ ತೋರಿಸಿದರು. ಬಂಪರನ್ನ ಹಿಡಿದಿದ್ದ ಬೆಸುಗೆ ಒಂದು ಕಡೆ ಬಿಟ್ಟಿತ್ತು. ರ್ಯಾಕು ವಾಲಿತ್ತು. ಕೊನೆಯ ಸೈಕಲ್ಲು ಒಂದೇ ಪಟ್ಟಿಯ ಮೇಲೆ ನೇತಾಡ್ತಾ ಇತ್ತು, ಅದರ ಟೈರು ರಸ್ತೆಗೆ ತಾಗಿ ಸವೆದುಹೋಗಿತ್ತು. ಅದು ಕಳಚಿಕೊಂಡಿದ್ದರೆ ಬೀಳ್ತಾ ಇದ್ದದ್ದು ಆಕೆಯ ಗಾಜಿನ ಮೇಲೆ. ಆಕೆಯ ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗುವೊಂದು ನಿದ್ದೆ ಮಾಡ್ತಾ ಇತ್ತು. ಆಕೆ ಬೈಲಿಲ್ಲ. "ಹುಷಾರು" ಅಂತ ಹೇಳಿ ಹೋದರು. ಬೈದಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳಿ ಮರೆತುಬಿಡ್ತಿದ್ದೆ.

ಮನೆಗೆ ಬಂದು ರ್ಯಾಕಿನ ಕೈಪಿಡಿ ತೆಗೆದೆ. ಎರಡನೇ ಪುಟದಲ್ಲೇ ಇತ್ತು: ಟ್ರೈಲರಿನ ಹಿಂದೆ ಬಳಸಬಾರದು. ದಪ್ಪ ಅಕ್ಷರದಲ್ಲಿ. ಬೇರೆ ಬೇರೆ ಕಂಪನಿಗಳ ಕೈಪಿಡಿಗಳನ್ನೂ ಹುಡುಕಿ ನೋಡಿದೆ. ಟ್ರೈಲರಿಗೆಂದೇ ಮಾಡಿದ ರ್ಯಾಕ್ ಬಿಟ್ಟರೆ ಬಹಳಷ್ಟರಲ್ಲಿ ಇದೇ ಮಾತು. ಇಂಜಿನಿಯರಿಂಗ್ ಓದಿದವನು ನಾನು. ದಿನಾ ಆಫೀಸಿನಲ್ಲಿ "ಡಾಕ್ಯುಮೆಂಟೇಶನ್ ಓದ್ರಪ್ಪಾ" ಅಂತ ಬೇರೆಯವರಿಗೆ ಬುದ್ಧಿ ಹೇಳುವವನು. ನಗು ಬರುತ್ತಲ್ವಾ?

ಸರಿ, ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಹೈಸ್ಕೂಲಿನ ಸನ್ನೆಕೋಲಿನ ಲೆಕ್ಕ ಅಷ್ಟೇ.

ಟ್ರೈಲರ್ ತನ್ನ ಚಕ್ರದ ಮೇಲೆ ಕೂತ ಒಂದು ತಕ್ಕಡಿ. ಮುಂದಿನ ತುದಿ ಕಾರಿನ ಗುಂಡಿನ ಮೇಲೆ ಕೂರುತ್ತೆ. ಆ ತುದಿ ಕಾರನ್ನ ಕೆಳಕ್ಕೆ ಒತ್ತುವ ಭಾರಕ್ಕೆ ಇಲ್ಲಿ ಟಂಗ್ ವೇಟ್ ಅಂತಾರೆ. ಇದು ಟ್ರೈಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕು ಅನ್ನೋದು ಇಲ್ಲಿನ ನಿಯಮ. ಕಮ್ಮಿಯಾದರೆ ಟ್ರೈಲರಿಗೆ ಬಾಲ ಅಲ್ಲಾಡಿಸುವ ಖಾಯಿಲೆ ಶುರುವಾಗುತ್ತೆ.

ನಮ್ಮ ಟ್ರೈಲರು ಸಾಮಾನು ತುಂಬಿದ ಮೇಲೆ 3,300 ಪೌಂಡು, ಅಂದರೆ ಸುಮಾರು 1,500 ಕೆಜಿ. ಟಂಗ್ ವೇಟ್ 400 ಪೌಂಡು. ಶೇಕಡಾ 12, ಚೆನ್ನಾಗೇ ಇತ್ತು. ಈಗ ಹಿಂದಕ್ಕೆ ಸೈಕಲ್ ಹಾಕೋಣ. ರ್ಯಾಕು 50 ಪೌಂಡು, ಸಾಮಾನ್ಯ ಸೈಕಲ್ಲು ತಲಾ 30ರಂತೆ ಎರಡು, ಬ್ಯಾಟರಿ ಸೈಕಲ್ಲು ತಲಾ 60ರಂತೆ ಎರಡು. ಒಟ್ಟು 230. ಆಕ್ಸಲಿನಿಂದ ಬಂಪರಿಗೆ 7 ಅಡಿ, ಸೈಕಲ್ಲುಗಳ ನಡುಭಾಗ ಇನ್ನೂ 2 ಅಡಿ ಆಚೆ, ಒಟ್ಟು 9 ಅಡಿ. ಆಕ್ಸಲಿನಿಂದ ಕಾರಿನ ಗುಂಡಿಗೆ 11 ಅಡಿ. 230ನ್ನು 9ರಿಂದ ಗುಣಿಸಿ 11ರಿಂದ ಭಾಗಿಸಿ. 188 ಪೌಂಡು. ಅಷ್ಟು ಭಾರ ಮುಂದಿನ ತುದಿಯಿಂದ ಮೇಲಕ್ಕೆದ್ದುಹೋಯ್ತು. ಉಳಿದದ್ದು 212. ಒಟ್ಟು ತೂಕ ಈಗ 3,530. ಅಂದರೆ ಶೇಕಡಾ 6! ಟ್ರೈಲರಿನ ಎಡಗಡೆ ಅಂಟಿಸಿದ ಚೀಟಿಯಲ್ಲಿ ಗರಿಷ್ಠ ತೂಕ 3,500 ಅಂತ ಇತ್ತು, ಅದನ್ನೂ ದಾಟಿಯಾಯ್ತು. ಇನ್ನೊಂದು ತಮಾಷೆ ನೋಡಿ. ನಾವು ಹಾಕಿದ್ದು 230, ಆದರೆ ಆಕ್ಸಲ್ ಮೇಲೆ ಹೆಚ್ಚಿದ್ದು 230 ಮತ್ತು 188 ಸೇರಿ 418 ಪೌಂಡು.

ಇದು ಬರೀ ಅರ್ಧ ಕಥೆ. ಟ್ರೈಲರ್ ಪಕ್ಕಕ್ಕೆ ತಿರುಗಲು ಶುರುವಾದರೆ ಅದನ್ನ ನಿಲ್ಲಿಸೋದು ಎಷ್ಟು ಕಷ್ಟ ಅನ್ನೋದು ಭಾರದ ಮೇಲೆ ಮಾತ್ರ ಅಲ್ಲ, ದೂರದ ವರ್ಗದ ಮೇಲೆ ನಿಂತಿದೆ. ಅದೇ ಸೈಕಲ್ಲು ಆಕ್ಸಲಿನಿಂದ 1 ಅಡಿ ದೂರದಲ್ಲಿದ್ದರೆ ಒಂದು ಪಾಲು, 9 ಅಡಿ ದೂರದಲ್ಲಿದ್ದರೆ 81 ಪಾಲು. ಯೂಟ್ಯೂಬಿನಲ್ಲಿ ಟ್ರೆಡ್‌ಮಿಲ್ ಮೇಲೆ ಆಟಿಕೆ ಕಾರು, ಟ್ರೈಲರು ಇಟ್ಟು ತೂಕವನ್ನ ಮುಂದೆ ಹಿಂದೆ ಸರಿಸಿ ತೋರಿಸುವ ವೀಡಿಯೋ ಇದೆ. ಭಾರ ಮುಂದಿದ್ದಾಗ ಬೆರಳಲ್ಲಿ ತಳ್ಳಿದರೂ ತಾನೇ ನೇರವಾಗುತ್ತೆ. ಭಾರ ಹಿಂದಿದ್ದಾಗ ಒಂದು ಸಣ್ಣ ತಳ್ಳು ಸಾಕು, ಆಟಿಕೆ ಪಲ್ಟಿ. ನಾನು ಅದನ್ನ ನಿಜವಾದ ಹೆದ್ದಾರಿಯಲ್ಲಿ ಮಾಡಿ ನೋಡಿದೆ.

ಇದೆಲ್ಲಾ ನನ್ನ ಅಜ್ಜನಿಗೆ ಗೊತ್ತಿತ್ತು, ಗೊತ್ತಾ? ಅಜ್ಜ ನಾಲ್ಕನೇ ಕ್ಲಾಸು. ಶಿವಮೊಗ್ಗದ ಹತ್ತಿರ ನಮ್ಮ ಹಳ್ಳಿಯಲ್ಲಿ ಭತ್ತದ ಚೀಲ ಗಾಡಿಗೆ ಹೇರುವಾಗ ಅಜ್ಜ ಮೂಕಿಯ ಹತ್ತಿರ ನಿಂತು ಕೈಯಲ್ಲಿ ಎತ್ತಿ ನೋಡ್ತಿದ್ದ. ಹಗುರ ಅನ್ನಿಸಿದರೆ "ಹಿಂಭಾರ ಆಯ್ತು, ಒಂದು ಚೀಲ ಮುಂದೆ ತನ್ನಿ" ಅಂತಿದ್ದ. ಹಿಂಭಾರ ಆದರೆ ಏರಿನಲ್ಲಿ ಮೂಕಿ ಮೇಲಕ್ಕೇಳುತ್ತೆ, ನೊಗ ಎದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ. ಶೇಕಡಾ 10ರಿಂದ 15 ಅನ್ನೋ ನಿಯಮದ ತಿರುಳು ಇಷ್ಟೇ! ಅಜ್ಜ ಎತ್ತಿಗೆ ತೋರಿಸಿದ ಕಾಳಜಿಯನ್ನ ನಾವು ನಮ್ಮ ಹಿಂದೆ ಬರುವ ಮನುಷ್ಯರಿಗೆ ತೋರಿಸ್ತಾ ಇಲ್ಲ.

ಇನ್ನು ವಾದಗಳಿಗೆ ಬರ್ತೀನಿ. ಶನಿವಾರ ಕೇಳಿದ್ದು, ಅದಕ್ಕೂ ಮುಂಚೆ ಕೇಳಿದ್ದು, ಎಲ್ಲಾ ಸೇರಿಸಿ.

"ಎಂಟು ವರ್ಷದಿಂದ ಏನೂ ಆಗಿಲ್ಲ." ಸಾಫ್ಟ್‌ವೇರಿನವರಿಗೆ ಈ ವಾದ ಚೆನ್ನಾಗಿ ಗೊತ್ತು. "ನನ್ನ ಮಷೀನಿನಲ್ಲಿ ಓಡ್ತಾ ಇದೆ" ಅನ್ನೋದರ ಅಣ್ಣ ಇದು. ಗಾಳಿ, ಇಳಿಜಾರು, ಲಾರಿ, ವೇಗ ಈ ನಾಲ್ಕೂ ಒಟ್ಟಿಗೆ ಬರುವ ದಿನದವರೆಗೆ ಎಲ್ಲಾ ಸರಿಯಾಗೇ ಇರುತ್ತೆ. ಆಲ್ಟಮಾಂಟಿಗೆ ಮುಂಚೆ ನನಗೂ ಮೂರು ಪ್ರವಾಸದಲ್ಲಿ ಏನೂ ಆಗಿರಲಿಲ್ಲ.

"ಬಂಪರ್ ಕಬ್ಬಿಣದ್ದು ಕಣಯ್ಯಾ." ಕಬ್ಬಿಣದ್ದೇ. ಬಹಳಷ್ಟು ಟ್ರೈಲರುಗಳಲ್ಲಿ ಅದು 4 ಇಂಚಿನ ಚೌಕದ ತೆಳು ಕೊಳವೆ. ಅದರೊಳಗೆ ಏನಿಡ್ತಾರೆ ಗೊತ್ತಾ? ಕಕ್ಕಸಿನ ಟ್ಯಾಂಕು ಖಾಲಿ ಮಾಡುವ ಪೈಪು. ಅದರ ಮುಖ್ಯ ಕೆಲಸ ಅದು. ಚಕ್ರದಿಂದ ಅಷ್ಟು ದೂರದಲ್ಲಿ ರಸ್ತೆಯ ಪ್ರತಿ ಗುಂಡಿಗೂ ಆ ತುದಿ ಮೇಲೆ ಕೆಳಗೆ ಕುಣಿಯುತ್ತೆ. ನಿಂತಾಗ 230 ಪೌಂಡು ಹೊತ್ತದ್ದು ಕುಣಿಯುವಾಗಲೂ ಹೊರುತ್ತೆ ಅಂತ ಏನಿಲ್ಲ. ಕೆಲವು ಟ್ರೈಲರಿಗೆ ಫ್ರೇಮಿಗೇ ಸೇರಿಸಿದ ರಿಸೀವರ್ ಇರುತ್ತೆ, ಎಷ್ಟು ಭಾರ ತಡೆಯುತ್ತೆ ಅಂತ ಬರೆದೂ ಇರುತ್ತೆ. ಅದು ಮುರಿಯಲ್ಲ, ಒಪ್ಪಿದೆ. ಆದರೆ ಮೇಲಿನ ಸನ್ನೆಕೋಲಿನ ಲೆಕ್ಕ ಅದಕ್ಕೂ ಅಷ್ಟೇ.

"ಹಾಗಾದ್ರೆ ಮುಂದೆಯೂ ಭಾರ ಹಾಕಿ ಸರಿದೂಗಿಸೋಣ." ಟಂಗ್ ವೇಟ್ ಸರಿಹೋಗುತ್ತೆ, ನಿಜ. ಆದರೆ ಎರಡೂ ತುದಿಯಲ್ಲಿ ಭಾರ ಇಟ್ಟರೆ ಅದು ಅಡ್ಡೆ ಹೊತ್ತ ಹಾಗೆ. ಅಡ್ಡೆ ಹೊತ್ತವನು ಗಕ್ಕನೆ ತಿರುಗಲಾರ, ತಿರುಗಿದರೆ ಗಕ್ಕನೆ ನಿಲ್ಲಲಾರ. ಒಟ್ಟು ತೂಕ ಬೇರೆ ಏರುತ್ತೆ.

"ವೇಟ್ ಡಿಸ್ಟ್ರಿಬ್ಯೂಶನ್ ಹಿಚ್ ಹಾಕಿದ್ದೀನಿ, ಸ್ವೇ ಬಾರ್ ಹಾಕಿದ್ದೀನಿ." ಒಳ್ಳೇದು, ನಾನೂ ಹಾಕಿದ್ದೀನಿ. ಆದರೆ ಅದು ಕಾರಿನ ಮುಂದಿನ ಹಿಂದಿನ ಚಕ್ರಕ್ಕೆ ಭಾರ ಹಂಚುತ್ತೆ, ತಪ್ಪಾಗಿ ಹೇರಿದ ಟ್ರೈಲರನ್ನ ಸರಿಯಾಗಿ ಹೇರಿದ ಟ್ರೈಲರ್ ಮಾಡಲ್ಲ. ಜ್ವರಕ್ಕೆ ಮಾತ್ರೆ ನುಂಗಿ ಮಳೆಯಲ್ಲೇ ನಿಂತಿದ್ದರೆ ಹೇಗೆ?

"ಕಾರು ಮತ್ತು ಟ್ರೈಲರ್ ಮಧ್ಯೆ ಎಕ್ಸ್‌ಟೆಂಡರ್ ಹಾಕಿ ರ್ಯಾಕ್ ಇಡಬಹುದಲ್ಲ." ಕೊಳ್ಳುವ ಮುಂಚೆ ಅದರ ಕೈಪಿಡಿಯನ್ನೂ ಓದಿ. ಬಹಳಷ್ಟು ಎಕ್ಸ್‌ಟೆಂಡರುಗಳು ಹಿಚ್ಚಿನ ಸಾಮರ್ಥ್ಯವನ್ನ ಅರ್ಧಕ್ಕೆ ಇಳಿಸ್ತವೆ. ತಿರುವಿನಲ್ಲಿ ಟ್ರೈಲರಿನ ಮೂತಿ ಸೈಕಲ್ಲಿಗೆ ಗುದ್ದೋದು ಬೇರೆ.

ಇನ್ನು ನಮ್ಮವರ ಸ್ಪೆಷಲ್ ಕಾಯಿಲೆ: ಸಾಮಾನು. ಇಡ್ಲಿ ಕುಕ್ಕರು, ಗ್ರೈಂಡರು, 20 ಪೌಂಡಿನ ಅಕ್ಕಿ ಚೀಲ, ಉಪ್ಪಿನಕಾಯಿಯ ಭರಣಿ, ಎರಡು ಕೂಲರು, ಕೇರಂ ಬೋರ್ಡು. (ಸತ್ಯ ಹೇಳ್ತೀನಿ, ನಾವು ಕೇರಂ ಬೋರ್ಡ್ ಒಯ್ದಿದ್ದೆವು. ಒಂದು ಆಟವೂ ಆಡಲಿಲ್ಲ :-) ) "ಕಾರು 5,000 ಪೌಂಡು ಎಳೆಯುತ್ತೆ" ಅಂತ ಜಾಹೀರಾತಿನಲ್ಲಿ ಓದಿ ಖುಷಿಪಡ್ತೀವಿ. ಡ್ರೈವರ್ ಬಾಗಿಲು ತೆಗೆದು ಒಳಗೆ ಅಂಟಿಸಿದ ಚೀಟಿಯನ್ನ ಯಾರೂ ಓದಲ್ಲ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡು ಮೀರಬಾರದು ಅಂತ ಅಲ್ಲಿದೆ. ನಮ್ಮ ಕಾರಿನದು 1,150. ನಾಲ್ಕು ಜನ 600, ಸರಿಯಾದ ಟಂಗ್ ವೇಟ್ 400 (ಹೌದು, ಅದೂ ಈ ಲೆಕ್ಕಕ್ಕೇ ಸೇರುತ್ತೆ), ಹಿಚ್ಚು 80. ಉಳಿದದ್ದು 70 ಪೌಂಡು. ಗ್ರೈಂಡರಿಗೆ ಮತ್ತು ಅಕ್ಕಿಗೆ ಅಲ್ಲಿಗೆ ಮುಗೀತು. ಟ್ರೈಲರಿನ ಬ್ರೋಷರಿನಲ್ಲಿರುವ ಖಾಲಿ ತೂಕ ನಂಬಿದರೂ ಇದೇ ಗತಿ. ಅದರಲ್ಲಿ ನಿಮ್ಮ ನೀರು, ಪಾತ್ರೆ, ಹಾಸಿಗೆ ಯಾವುದೂ ಇರಲ್ಲ. ನೀರು ಒಂದು ಗ್ಯಾಲನ್‌ಗೆ 8 ಪೌಂಡಿಗಿಂತ ಜಾಸ್ತಿ. 30 ಗ್ಯಾಲನ್ ತುಂಬಿಸ್ಕೊಂಡು ಹೊರಟರೆ 250 ಪೌಂಡು ನೀರನ್ನ ಸುಮ್ಮನೆ ಮೆರವಣಿಗೆ ಮಾಡಿಸಿದ ಹಾಗೆ, ಹೋಗುವ ಜಾಗದಲ್ಲಿ ನಲ್ಲಿ ಇದ್ದರೂ!

ಸೌದೆಯೂ ಅಷ್ಟೇ. ಕ್ಯಾಂಪ್‌ಫೈರಿಗೆ ಮನೆಯಿಂದ ಸೌದೆ ಹೇರಿಕೊಂಡು ಹೋಗುವವರಿದ್ದಾರೆ. ಭಾರ ಒಂದು ಕಡೆ, ಅದರ ಜೊತೆ ಹುಳುವೂ ಪ್ರವಾಸ ಹೋಗುತ್ತೆ. 2002ರಲ್ಲಿ ಮಿಶಿಗನ್ನಿನಲ್ಲಿ ಕಂಡ ಎಮರಾಲ್ಡ್ ಆಶ್ ಬೋರರ್ ಅನ್ನೋ ಹುಳು ಹೀಗೆ ಸೌದೆ ಸಾಗಿಸಿದ್ದರಿಂದಲೂ ಹರಡಿ ಕೋಟಿಗಟ್ಟಲೆ ಮರಗಳನ್ನ ತಿಂದು ಹಾಕಿದೆ. ಹೋದಲ್ಲೇ ಕೊಳ್ಳಿ.

"ಹಾಗಾದ್ರೆ ಸೈಕಲ್ ಒಯ್ಯಲೇಬಾರದಾ?" ಒಯ್ಯಿರಿ, ಯಾರು ಬೇಡ ಅಂದರು? ಜಾಗ ಬದಲಿಸಿ ಅಷ್ಟೇ. ಪಿಕಪ್ ಇದ್ದರೆ ಅದರ ತೊಟ್ಟಿಗೆ ಹಾಕಿ. ಕಾರಿನ ಚಾವಣಿ ತಡೆಯುವಷ್ಟನ್ನ ಚಾವಣಿಗೆ ಏರಿಸಿ. ಬಹಳಷ್ಟು ಎಸ್‌ಯುವಿಗಳಲ್ಲಿ ಅದು ಸುಮಾರು 165 ಪೌಂಡು, ನಿಮ್ಮದರ ಕೈಪಿಡಿ ನೋಡಿ. (ಆಮೇಲೆ ಚಾವಣಿಯ ಮೇಲೆ ಸೈಕಲ್ ಇದೆ ಅನ್ನೋದು ಗ್ಯಾರೇಜಿಗೆ ನುಗ್ಗುವಾಗ ನೆನಪಿರಲಿ.) ಮುಂದಿನ ಚಕ್ರ ಬಿಚ್ಚಿ ಟ್ರೈಲರಿನ ಒಳಗೆ, ಆಕ್ಸಲಿನ ನೇರಕ್ಕೆ ಹಳೇ ಕಂಬಳಿ ಹಾಸಿ ಕಟ್ಟಿ. ಯುರೋಪಿನಲ್ಲಿ ಕ್ಯಾರವಾನಿನ ಮುಂದಿನ ಮೂಕಿಯ ಮೇಲೆ ಕೂರುವ ರ್ಯಾಕುಗಳು ಮಾಮೂಲಿ, ಇಲ್ಲೂ ಸಿಗ್ತವೆ. ಆದರೆ ಅಲ್ಲಿಟ್ಟ ಭಾರ ಹೆಚ್ಚುಕಮ್ಮಿ ಪೂರ್ತಿ ಕಾರಿನ ಲೆಕ್ಕಕ್ಕೇ ಬರುತ್ತೆ, ಮೊದಲು ಆ ಬಾಗಿಲ ಚೀಟಿ ನೋಡ್ಕೊಳ್ಳಿ. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿ ಬಿಚ್ಚಿಡಿ. ಅದೂ ಆಗದಿದ್ದರೆ ಹೋದಲ್ಲಿ ಬಾಡಿಗೆಗೆ ತಗೊಳ್ಳಿ. ಯೊಸೆಮಿಟಿ ಕಣಿವೆಯಲ್ಲಿ 12 ಮೈಲಿಗೂ ಹೆಚ್ಚು ಸೈಕಲ್ ದಾರಿ ಇದೆ, ಬೇಸಿಗೆಯಲ್ಲಿ ಬಾಡಿಗೆ ಸೈಕಲ್ಲೂ ಸಿಗುತ್ತೆ.

ಎಲ್ಲಕ್ಕಿಂತ ಮುಂಚೆ ತೂಕ ಹಾಕಿಸಿ. ಹೆದ್ದಾರಿ ಪಕ್ಕ ಲಾರಿಗಳು ನಿಲ್ಲುವ ಜಾಗದಲ್ಲಿ ದೊಡ್ಡ ತೂಕದ ಯಂತ್ರ ಇರುತ್ತೆ, ಖರ್ಚು ಒಂದು ಪಿಜ್ಜಾದಷ್ಟು. ಟ್ರೈಲರ್ ಸಿಗಿಸಿ, ಹಿಚ್ಚಿನ ಬಾರ್ ಬಿಚ್ಚಿ ಒಂದು ಸಲ. ಟ್ರೈಲರ್ ಬಿಟ್ಟು ಬರೀ ಕಾರು, ಅದೇ ಜನ ಅದೇ ಸಾಮಾನಿನ ಜೊತೆ ಇನ್ನೊಂದು ಸಲ. ಕಾರಿನ ಚಕ್ರಗಳ ಮೇಲಿನ ತೂಕದಲ್ಲಿ ಎಷ್ಟು ವ್ಯತ್ಯಾಸವೋ ಅದೇ ಟಂಗ್ ವೇಟ್. ಅರ್ಧ ಗಂಟೆ ಕೆಲಸ.

ಕೊನೆಯದಾಗಿ, "ನನ್ನ ಟ್ರೈಲರು, ನನ್ನ ಸೈಕಲ್ಲು, ನಿನಗೇನು?" ಅನ್ನೋ ವಾದ. ಟ್ರೈಲರು ನಿಮ್ಮದು. ರಸ್ತೆ ನಿಮ್ಮದಲ್ಲ. ಹಿಂದೆ ನೇತುಹಾಕಿದ್ದು ಕಳಚಿದರೆ ನಿಮಗೆ ಗೊತ್ತೂ ಆಗಲ್ಲ. ಅದು ಬೀಳೋದು ಹಿಂದೆ ಬರುವವರ ಮೇಲೆ, ನೀವು ಹಾಡು ಕೇಳ್ತಾ ಮುಂದೆ ಹೋಗಿರ್ತೀರಿ.

ಹಿರಿಯ ಮಿತ್ರರೇ, ನೀವು ಇದನ್ನ ಓದ್ತೀರಿ ಅಂತ ಗೊತ್ತು. ನಾನು ಪುಕ್ಕಲ ಅನ್ನೋದನ್ನ ಒಪ್ಕೋತೀನಿ. ಆ ಮಗುವಿನ ಮುಖ ನೋಡಿದ ದಿನದಿಂದ ಪುಕ್ಕಲನೇ. ಮುಂದಿನ ಶನಿವಾರ ನನ್ನ ಹತ್ತಿರ ಸ್ಪಾನರ್ ಇರುತ್ತೆ, ನಿಮ್ಮ ಮನೆಗೇ ಬರ್ತೀನಿ. ಇಬ್ಬರೂ ಸೇರಿ ಆ ರ್ಯಾಕ್ ಬಿಚ್ಚೋಣ. ಕಾಫಿ ಮಾತ್ರ ನಿಮ್ಮದು.